ಹೋಂಡಾ ಸಿಟಿ ವಿಟೆಕ್‌ಗೆ 4-2-1 ಹೆಡರ್: ಎರಡು ಮಳೆಗಾಲ ಕಳೆದ ಮೇಲೆ

ಬೆಳಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನ ಮುಂಭಾಗದಿಂದ ಹೊಲಿಗೆ ಮಷಿನ್ನಿನಂಥ ಸದ್ದು. ಟಿಕ್, ಟಿಕ್, ಟಿಕ್. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಅದರ ಜೊತೆಗೇ ಚುರುಕಾಗುತ್ತದೆ. ಐದಾರು ನಿಮಿಷಕ್ಕೆ ಎಂಜಿನ್ ಬಿಸಿಯಾಯಿತೋ, ಸದ್ದು ಮಾಯ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಇರುವುದೇ ಇಲ್ಲ. ವಿವರಿಸಿ ಹೇಳಿದರೆ ಬರುವ ಉತ್ತರ ಒಂದೇ: "ಟ್ಯಾಪೆಟ್ ಸಾರ್, ಸೆಟ್ಟಿಂಗ್ ಮಾಡೋಣ." ಹೆಡರ್ ಅಂದರೆ ನಾಲ್ಕು ಸಿಲಿಂಡರುಗಳ ಹೊಗೆಯನ್ನು ಹೊರಗೊಯ್ಯಲು ಕಂಪನಿಯ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬದಲಿಗೆ ಹಾಕುವ ಪೈಪುಗಳ ಗೊಂಚಲು. ಅದನ್ನು ಹಾಕಿದ ಸಿಟಿಯಲ್ಲಿ ಟ್ಯಾಪೆಟ್ಟಿಗೆ (ವಾಲ್ವಿನ ಸಂದಿಗೆ) ಕೈಹಾಕುವ ಮುಂಚೆ ಹೆಡರಿನ ಫ್ಲ್ಯಾಂಜ್ ನೋಡಿ, ಅಂದರೆ ಹೆಡರನ್ನು ಎಂಜಿನ್ನಿನ ಹೆಡ್ಡಿಗೆ ಬಿಗಿಯುವ ಪಟ್ಟಿ. ಈ ವಿಮರ್ಶೆಯಲ್ಲಿ ಅರ್ಧಕ್ಕರ್ಧ ಆ ಫ್ಲ್ಯಾಂಜಿನದೇ ಮಾತು. ಎರಡು ವರ್ಷದಲ್ಲಿ ಈ ಹೆಡರ್ ಕೊಟ್ಟ ತೊಂದರೆಗಳೆಲ್ಲ ಅದೊಂದರಿಂದಲೇ ಹುಟ್ಟಿದವು.

ಕಾರು ಹಳೆಯ ಸಿಟಿಯ 1.5 ಲೀಟರ್ ವಿಟೆಕ್ (ಆರ್‌ಪಿಎಂ ಏರಿದಾಗ ವಾಲ್ವುಗಳನ್ನು ಹೆಚ್ಚು ತೆರೆಸುವ ಹೋಂಡಾದ ವ್ಯವಸ್ಥೆ), 106 ಬಿಎಚ್‌ಪಿಯದು. ಅದರ ಗುಣಗಾನ ಇಲ್ಲಿ ಬೇಡ, ಓಡಿಸಿದವರಿಗೆ ಗೊತ್ತಿದೆ. ಹೆಡರ್ ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ 304 ಸ್ಟೇನ್‌ಲೆಸ್ ಪೈಪಿನಿಂದ ಮಾಡಿಸಿದ್ದು. ಟಿಗ್ ವೆಲ್ಡಿಂಗ್, ಎರಡು ತುಂಡಿನ 4-2-1, ಅಂದರೆ ನಾಲ್ಕು ಪೈಪು ಎರಡಾಗಿ, ಎರಡು ಒಂದಾಗಿ ಸೇರುವಂಥದ್ದು. ಕೂಡಿಸಿದ್ದೆಲ್ಲ ಮನೆಯ ಶೆಡ್ಡಿನಲ್ಲೇ. ಓಡಾಟ ಚಿಕ್ಕಮಗಳೂರಿನ ಸುತ್ತಮುತ್ತ, ತಿಂಗಳಿಗೊಂದೆರಡು ಸಲ ಘಾಟಿ ಇಳಿದು ಮಂಗಳೂರು. ಒಟ್ಟು ಸುಮಾರು 18,000 ಕಿ.ಮೀ. ಆಗಿದೆ.

ಮೊದಲು ವೆಲ್ಡಿಂಗ್ ಬಗ್ಗೆ ನ್ಯಾಯವಾಗಿ ಹೇಳಬೇಕು. ಪೈಪುಗಳ ಜೋಡಣೆ ಚೆಂದ, ಬೆಂಡುಗಳಲ್ಲಿ ಸುಕ್ಕಿಲ್ಲ, ಒಳಗೆ ಬೆರಳು ಹಾಕಿ ಸವರಿದರೆ ವೆಲ್ಡಿನ ಗಂಟು ಸಿಗುವುದಿಲ್ಲ. ಪೈಪುಗಳ ಜೋಡಿಯೂ ಸರಿಯಾಗಿದೆ. ಈ ಎಂಜಿನ್ನಿನ ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2. ಹಾಗಾಗಿ 1 ಮತ್ತು 4 ಒಂದು ಪೈಪಿಗೆ, 2 ಮತ್ತು 3 ಇನ್ನೊಂದಕ್ಕೆ ಸೇರಬೇಕು. ಆಗ ಮಾತ್ರ ಒಂದೇ ಪೈಪಿನಲ್ಲಿ ಬರುವ ಎರಡು ಹೊಡೆತಗಳ ನಡುವೆ ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿರುತ್ತದೆ, ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಜೋಡಿ ತಪ್ಪಿಸಿ ವೆಲ್ಡ್ ಮಾಡಿದ ಹೆಡರುಗಳೂ ಮಾರಾಟಕ್ಕಿರುತ್ತವೆ. ದುಡ್ಡು ಕೊಡುವ ಮುಂಚೆ ಒಂದೊಂದೇ ಪೈಪಿನೊಳಗೆ ಟಾರ್ಚ್ ಬಿಟ್ಟು ಬೆಳಕು ಎಲ್ಲಿ ಹೊರಬೀಳುತ್ತದೆ ಎಂದು ನೋಡಿಕೊಳ್ಳಿ.

ಕೆಟ್ಟದ್ದು ಫ್ಲ್ಯಾಂಜ್. ನಾಲ್ಕು ಪೈಪುಗಳನ್ನು ಒಂದು ಪಟ್ಟಿಗೆ ವೆಲ್ಡ್ ಮಾಡುವಾಗ, ವೆಲ್ಡಾದ ಬದಿ ತಣಿಯುತ್ತಾ ಕುಗ್ಗಿ ಪಟ್ಟಿ ಬಾಳೆಹಣ್ಣಿನಂತೆ ಬಾಗುತ್ತದೆ. ದಪ್ಪ ಕಬ್ಬಿಣದ ಜಿಗ್ಗಿಗೆ (ಅಲುಗದಂತೆ ಹಿಡಿಯುವ ಅಚ್ಚಿಗೆ) ಬಿಗಿಯಾಗಿ ಬೋಲ್ಟ್ ಮಾಡಿ, ಬಿಟ್ಟು ಬಿಟ್ಟು ವೆಲ್ಡ್ ಮಾಡಿ, ಪೂರ್ತಿ ತಣಿದ ಮೇಲೆ ಬಿಚ್ಚಿ, ಕೊನೆಗೆ ಮುಖವನ್ನು ಮಿಲ್ಲಿಂಗ್ ಮಾಡಿಸಿದರೆ (ಮಷಿನ್ನಿನಲ್ಲಿ ಕೆತ್ತಿ ಸಮತಟ್ಟು ಮಾಡಿಸಿದರೆ) ಸರಿಹೋಗುತ್ತದೆ. ಆ ಕೊನೆಯ ಕೆಲಸವನ್ನೇ ಬಿಟ್ಟಿದ್ದರು. ಸ್ಟೀಲ್ ಅಳತೆಪಟ್ಟಿಯನ್ನು ಫ್ಲ್ಯಾಂಜಿನ ಮುಖಕ್ಕೆ ಆನಿಸಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಎಲೆಗಳ ಸಾಧನ) ತೂರಿಸಿದರೆ ತುದಿಯ ಎರಡೂ ಪೋರ್ಟುಗಳಲ್ಲಿ (ಹೊಗೆಯ ಬಾಯಿಗಳಲ್ಲಿ) 0.35 ಮಿ.ಮೀ. ಎಲೆ ಸಲೀಸಾಗಿ ಒಳಹೋಯಿತು. 0.10ರ ಎಲೆ ಹೋಗದಂತಿದ್ದರೆ ಗ್ಯಾಸ್ಕೆಟ್ ಸುಧಾರಿಸಿಕೊಳ್ಳುತ್ತದೆ. 0.35ಕ್ಕೆ ಯಾವ ಗ್ಯಾಸ್ಕೆಟ್ಟೂ ಜವಾಬಲ್ಲ. ನಟ್ಟು ಬಿಗಿದು ಎಳೆದು ಕೂರಿಸಬಹುದು, ಆದರೆ ಆ ಎಳೆತ ಸ್ಟಡ್ಡಿನ (ಹೆಡ್ಡಿನಿಂದ ಹೊರಚಾಚಿದ, ನಟ್ಟು ಕೂರುವ ಸರಳಿನ) ಮೇಲೆ ಸದಾ ಇರುತ್ತದೆ.

ಇನ್ನೊಂದು ತಪ್ಪು ಸ್ಟಡ್ಡಿನ ತೂತುಗಳಲ್ಲಿ. ಫ್ಲ್ಯಾಂಜ್ ಸುಮಾರು ಒಂದು ಅಡಿ ಉದ್ದ. ಅದು 300 ಡಿಗ್ರಿಯಷ್ಟು ಬಿಸಿಯೇರಿದರೆ ಸ್ಟೇನ್‌ಲೆಸ್ ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಅಲ್ಯೂಮಿನಿಯಂ ಹೆಡ್ ನೀರಿನಿಂದ ತಣ್ಣಗಿರುವುದರಿಂದ ಅರ್ಧ ಮಿಲಿಮೀಟರ್ ಅಷ್ಟೇ. ಉಳಿದ ಒಂದು ಮಿಲಿಮೀಟರಿಗೆ ಜಾಗ ಬೇಕಲ್ಲ? ಎಂ8 ಸ್ಟಡ್ಡಿಗೆ 8.5 ಮಿ.ಮೀ. ತೂತು ಕೊರೆದಿದ್ದರೆ ಪ್ರತಿ ಬಿಸಿಗೂ ಫ್ಲ್ಯಾಂಜ್ ತುದಿಯ ಸ್ಟಡ್ಡುಗಳನ್ನು ಆಚೆಗೆ ದೂಡುತ್ತದೆ, ತಣಿದಾಗ ಈಚೆಗೆ ಎಳೆಯುತ್ತದೆ. ಹೀಗೇ ನಟ್ಟು ಸಡಿಲವಾಗುವುದು, ಹೀಗೇ ಸ್ಟಡ್ಡು ತುಂಡಾಗುವುದು. ನಡುವಿನ ತೂತು 8.5 ಇರಲಿ, ತುದಿಯವನ್ನು 10ಕ್ಕೆ ಕೊರೆಸಿ ದಪ್ಪ ವಾಷರ್ ಹಾಕಿ. ಫ್ಲ್ಯಾಂಜಿನ ದಪ್ಪ 10 ಮಿ.ಮೀ. ಕೇಳಿ. ಪೋರ್ಟು ಪೋರ್ಟಿನ ನಡುವೆ ಒಂದೊಂದು ಸೀಳು ಬಿಡಿಸಿದರೆ ಇನ್ನೂ ಒಳ್ಳೆಯದು, ಬಾಗಿದರೂ ಒಂದು ಪೋರ್ಟಿನ ಬಾಗು ಇನ್ನೊಂದಕ್ಕೆ ಹೋಗುವುದಿಲ್ಲ.

ಬರೀ ಸದ್ದು ತಾನೇ, ಇರಲಿ ಬಿಡಿ ಅನ್ನುವಂತಿಲ್ಲ. ಎಕ್ಸಾಸ್ಟ್ ಹೊಗೆ ಒಂದೇ ಸಮ ಹೊರಗೆ ತಳ್ಳುವುದಿಲ್ಲ. ಪ್ರತಿ ಹೊಡೆತದ ಹಿಂದೆ ಪೈಪಿನಲ್ಲಿ ಒತ್ತಡ ಕುಸಿಯುತ್ತದೆ, ಆ ಹೊತ್ತಿನಲ್ಲಿ ಸಂದಿಯಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸ್ವಲ್ಪ ಕೆಳಗೆ ಕೂತಿರುವ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಮ್ಮಿಯಾಗಿದೆ ಅಂದುಕೊಳ್ಳುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಹೆಚ್ಚಿಸುತ್ತದೆ. ಲೀಕ್ ಇದ್ದಷ್ಟು ದಿನ ಲೀಟರಿಗೆ 13 ಕೊಡುತ್ತಿದ್ದ ಕಾರು 11ಕ್ಕೆ ಇಳಿದಿತ್ತು, ಸೈಲೆನ್ಸರಿನ ಬಾಯಿ ಮಸಿಯಾಗಿತ್ತು. ಲೀಕ್ ನಿಂತ ಮೇಲೆ ಮೊದಲಿನ ಲೆಕ್ಕಕ್ಕೇ ಬಂತು. ಹೆಡರ್ ಹಾಕಿದರೆ ಮೈಲೇಜ್ ಬೀಳುತ್ತದೆ ಅನ್ನುವವರಲ್ಲಿ ಹೆಚ್ಚಿನವರ ಕಾರಿನಲ್ಲಿ ಇಂಥ ಸಂದಿಯೊಂದು ಇರುತ್ತದೆ ಎಂದೇ ನನ್ನ ನಂಬಿಕೆ.

ಲೀಕ್ ಹುಡುಕಲು ಎರಡು ದಾರಿ. ಒಂದು ಊದುಬತ್ತಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಉರಿಯುವ ಬತ್ತಿಯನ್ನು ಫ್ಲ್ಯಾಂಜಿನ ಅಂಚಿನಲ್ಲಿ ನಿಧಾನವಾಗಿ ಸರಿಸುತ್ತಾ ಹೋಗಬೇಕು. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಲೀಕಿನ ಎದುರು ಬಂದ ಕೂಡಲೇ ನಡುಗುತ್ತದೆ, ತುಂಡು ತುಂಡಾಗಿ ಚದುರುತ್ತದೆ. ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾದರೆ ಏನೂ ತಿಳಿಯುವುದಿಲ್ಲ, ಮೊದಲ ಎರಡು ಮೂರು ನಿಮಿಷದಲ್ಲೇ ಮುಗಿಸಿಕೊಳ್ಳಿ. ಪೆಟ್ರೋಲಿನ ವಾಸನೆ ಸ್ವಲ್ಪ ಬಂದರೂ ಬತ್ತಿ ಹಚ್ಚಲೇಬೇಡಿ. ಇನ್ನೊಂದು ದಾರಿ ಇದಕ್ಕಿಂತ ಖಚಿತ: ಎಂಜಿನ್ ಆಫ್ ಮಾಡಿ, ಧೂಳು ಊದುವ ಬ್ಲೋವರನ್ನು ಸೈಲೆನ್ಸರಿನ ಬಾಯಿಗೆ ಬಟ್ಟೆ ಸುತ್ತಿ ಆನಿಸಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಲ್ಲಿ ಫ್ಲ್ಯಾಂಜಿಗೆ ಹಚ್ಚುವುದು. ಗುಳ್ಳೆ ಎದ್ದ ಜಾಗವೇ ಲೀಕು.

ಇನ್ನು ಬಿಚ್ಚಿ ಕೂಡಿಸುವ ಕೆಲಸ. ಸಿಟಿಯಲ್ಲಿ ಎಕ್ಸಾಸ್ಟ್ ಇರುವುದು ಎಂಜಿನ್ನಿನ ಮುಂಬದಿಗೆ, ರೇಡಿಯೇಟರಿನ ಎದುರಿಗೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ, ಅರ್ಧ ಕೆಲಸ ನಿಂತುಕೊಂಡೇ ಆಗುತ್ತದೆ. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ, ಬೆಳಗ್ಗೆ ಇನ್ನೊಮ್ಮೆ. ಅರ್ಧ ಗಂಟೆ ಮೊದಲು ಹೊಡೆದು ರೆಂಚ್ ಹಾಕಿದರೆ ಸ್ಟಡ್ಡು ಕೈಗೆ ಬರುತ್ತದೆ. ಮುಂಭಾಗವನ್ನು ಜಾಕಿಯಲ್ಲಿ ಎತ್ತಿ, ಬಾಗಿಲ ಕೆಳಗಿನ ಅಂಚಿನಲ್ಲಿ ಕಂಪನಿ ಗುರುತು ಮಾಡಿದ ಕಡೆ ಎರಡೂ ಬದಿ ಸ್ಟ್ಯಾಂಡ್ ಕೊಡಿ. ಹಿಂದಿನ ಚಕ್ರಗಳಿಗೆ ಕಲ್ಲು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಫ್ಯಾನನ್ನು 10 ಎಂಎಂ ಬೋಲ್ಟು ಬಿಚ್ಚಿ ಮೇಲೆತ್ತಿ. ಕೂಲೆಂಟ್ ಪೈಪ್ ಮುಟ್ಟುವ ಅಗತ್ಯವಿಲ್ಲ. ರೇಡಿಯೇಟರಿನ ಜಾಲರಿಗೆ ಒಂದು ರಟ್ಟು ಅಡ್ಡ ಇಡಿ, ಇಲ್ಲದಿದ್ದರೆ ಹೆಡರಿನ ಮೂಲೆ ತಾಗಿಯೇ ತಾಗುತ್ತದೆ.

ಹೀಟ್ ಶೀಲ್ಡ್, ಆಕ್ಸಿಜನ್ ಸೆನ್ಸರ್ (22 ಎಂಎಂ, ವೈರು ತೂರಲು ಸೀಳಿರುವ ಸಾಕೆಟ್ ಇದ್ದರೆ ಸಲೀಸು), ಕೆಳಗಿನ ಪೈಪಿನ ಮೂರು 14 ಎಂಎಂ ನಟ್ಟು, ಬ್ಲಾಕಿಗೆ ಆಧಾರ ಕೊಡುವ ಬ್ರ್ಯಾಕೆಟ್. ಇಷ್ಟಾದ ಮೇಲೆ ಮ್ಯಾನಿಫೋಲ್ಡಿನ 12 ಎಂಎಂ ನಟ್ಟುಗಳನ್ನು ತುದಿಯಿಂದ ನಡುವಿಗೆ ಬರುತ್ತಾ ಸಡಿಲಿಸಿ. ಸಾಕೆಟ್ ಆರು ಮೂಲೆಯದೇ ಇರಲಿ, ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ಟಿನ ಮೂಲೆ ಸವೆಸುತ್ತದೆ. ಬಿಗಿಯಾಗಿದ್ದರೆ ಒಂದೇ ದಿಕ್ಕಿಗೆ ಎಳೆಯಬೇಡಿ. ಅರ್ಧ ಸುತ್ತು ಸಡಿಲ, ಕಾಲು ಸುತ್ತು ಬಿಗಿ, ಮತ್ತೆ ಅರ್ಧ ಸಡಿಲ. ಬೀಡು ಕಬ್ಬಿಣದ ಹಳೆಯ ಮ್ಯಾನಿಫೋಲ್ಡ್ ಭಾರ ಇರುತ್ತದೆ, ಕೊನೆಯ ನಟ್ಟು ತೆಗೆಯುವಾಗ ಕೆಳಗಿನಿಂದ ಒಬ್ಬರು ಹಿಡಿದುಕೊಂಡಿರಲಿ.

ನಟ್ಟಿನ ಜೊತೆಗೆ ಒಂದೆರಡು ಸ್ಟಡ್ಡೂ ಬರುವುದು ಸಾಮಾನ್ಯ, ಗಾಬರಿ ಬೇಡ. ಹಳೆಯದನ್ನೇ ತಿರುಗಿಸಿ ಹಾಕದೆ ಹೊಸ ಎಂ8×1.25 ಸ್ಟಡ್ ತನ್ನಿ. ಅದರ ಮೇಲೆ ಎರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿದು, ಹೊರಗಿನ ನಟ್ಟಿಗೆ ರೆಂಚ್ ಹಾಕಿ ಹೆಡ್ಡಿನೊಳಗೆ ಕೂರಿಸಬೇಕು. ಹೆಡ್ ಅಲ್ಯೂಮಿನಿಯಂ, ಮಿತಿ ಮೀರಿ ಬಿಗಿದರೆ ಮರೆ (ಥ್ರೆಡ್) ಕಿತ್ತು ಬರುತ್ತದೆ. ಹೆಡ್ಡಿನ ಮುಖವನ್ನು ಹಿತ್ತಾಳೆಯ ಸ್ಕ್ರೇಪರ್ ಅಥವಾ ಬ್ಲೇಡಿನಿಂದ ಕೆರೆದು ಒರೆಸಿ. ಗ್ರೈಂಡರಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಉಜ್ಜುವವರನ್ನು ಕಂಡರೆ ತಡೆಯಿರಿ. ಅಲ್ಲಿ ಬಿದ್ದ ತಗ್ಗಿಗೆ ಹೆಡ್ ಬಿಚ್ಚಿಸುವುದೊಂದೇ ಮದ್ದು.

ಬಾಗಿದ ಫ್ಲ್ಯಾಂಜಿಗೆ ಮಿಲ್ಲಿಂಗ್ ಮಾಡುವ ಲೇತ್ ಅಂಗಡಿ ಹತ್ತಿರವಿದ್ದರೆ ಅದೇ ಸರಿ. ಇಲ್ಲವೆಂದರೆ ಮನೆಯಲ್ಲೂ ಆಗುತ್ತದೆ, ತಾಳ್ಮೆ ಬೇಕು. 10 ಅಥವಾ 12 ಎಂಎಂ ದಪ್ಪದ ಗಾಜಿನ ತುಂಡು, ಅದರ ಮೇಲೆ ಅಂಟಿಸಿದ 80 ನಂಬರಿನ ಎಮರಿ ಹಾಳೆ. ಫ್ಲ್ಯಾಂಜಿನ ಮುಖದ ಮೇಲೆಲ್ಲ ಮಾರ್ಕರಿನಿಂದ ಅಡ್ಡಗೆರೆ ಎಳೆದು, ಹೆಡರನ್ನು ಮಗುಚಿ ಗಾಜಿನ ಮೇಲೆ ಕೂರಿಸಿ, ಎರಡೂ ಕೈಯಿಂದ ಎಂಟರ ಆಕಾರದಲ್ಲಿ ಉಜ್ಜಬೇಕು. ಹತ್ತು ಸಲ ಉಜ್ಜಿ ಎತ್ತಿ ನೋಡಿದರೆ ನಡುವಿನ ಎರಡು ಪೋರ್ಟಿನ ಸುತ್ತ ಮಾತ್ರ ಗೆರೆ ಅಳಿಸಿ ಉಕ್ಕು ಹೊಳೆಯುತ್ತಿರುತ್ತದೆ, ತುದಿಗಳಲ್ಲಿ ಮಸಿ ಹಾಗೇ ಇರುತ್ತದೆ. ಬಾಗು ಎಷ್ಟಿದೆ ಎಂದು ಕಣ್ಣಿಗೇ ಕಾಣಿಸುವ ಹೊತ್ತು ಅದು. ಹೊಳಪು ನಡುವಿನಿಂದ ತುದಿಯ ಕಡೆಗೆ ಕೂದಲೆಳೆಯಷ್ಟೇ ಹರಡುತ್ತಾ ಹೋಗುತ್ತದೆ. ಒತ್ತಡವನ್ನು ಪೈಪಿನ ಮೇಲಲ್ಲ, ಫ್ಲ್ಯಾಂಜಿನ ಮೇಲೇ ಹಾಕಿ. ಆಗಾಗ ಹೆಡರನ್ನು ತಿರುಗಿಸಿ ಹಿಡಿಯಿರಿ, ಇಲ್ಲದಿದ್ದರೆ ಒಂದೇ ಬದಿ ಸವೆಯುತ್ತದೆ. ಹಾಳೆ ಸವೆದಂತೆ ಬದಲಿಸಿ, ಕೊನೆಗೆ 120. ಎರಡು ಸಂಜೆ, ಎಂಟು ಹಾಳೆ ಹಿಡಿಯಿತು. ಕೊನೆಯಲ್ಲಿ 0.08ರ ಎಲೆಯೂ ತೂರಲಿಲ್ಲ.

ಗ್ಯಾಸ್ಕೆಟ್ ಕಂಪನಿಯದೇ ಹಾಕಿ, ಒಣಗಿದ್ದಂತೆಯೇ. ಸಂದಿ ಮುಚ್ಚಲೆಂದು ಕೆಂಪು ಸಿಲಿಕೋನ್ ಮೆತ್ತುವ ಚಾಳಿ ಎಲ್ಲ ಕಡೆ ಇದೆ. ಎಕ್ಸಾಸ್ಟ್ ಪೋರ್ಟಿನ ಬಿಸಿಗೆ ಅದು ಉಳಿಯುವುದಿಲ್ಲ, ಮೇಲಾಗಿ ಸಿಲಿಕೋನಿನ ಆವಿ ಆಕ್ಸಿಜನ್ ಸೆನ್ಸರನ್ನು ಕೆಡಿಸುತ್ತದೆ. ಹೆಡರನ್ನು ಕೂರಿಸಿ ಎಲ್ಲ ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ ನಿಲ್ಲಿಸಿ. ಕೆಳಗಿನ ತುಂಡು, ಅದರಾಚೆಯ ಪೈಪು ಎಲ್ಲವೂ ಸಡಿಲವಾಗಿ ಸೇರಿದ ಮೇಲೆಯೇ ಬಿಗಿಯುವ ಮಾತು. ಮೇಲಿನದನ್ನು ಮೊದಲು ಬಿಗಿದು ಕೆಳಗಿನದನ್ನು ಸನ್ನೆಕೋಲು ಹಾಕಿ ಎಳೆದು ಕೂಡಿಸಿದರೆ, ಆ ಎಳೆತದಿಂದಲೇ ಆರು ತಿಂಗಳಿಗೆ ವೆಲ್ಡಿನ ಪಕ್ಕ ಬಿರುಕು ಬಿಡುತ್ತದೆ. ಹೊಸ ಲಾಕ್ ನಟ್ಟುಗಳು, ಸ್ಟಡ್ಡಿನ ಮರೆಗೆ ನಿಕ್ಕೆಲ್ ಬೆರೆತ ಆ್ಯಂಟಿ-ಸೀಜ್ (ನಟ್ಟು ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ತೆಳುವಾಗಿ. ನಡುವಿನಿಂದ ತುದಿಗೆ ಹೋಗುತ್ತಾ ಮೊದಲ ಸುತ್ತು 15 ನ್ಯೂಟನ್ ಮೀಟರ್, ಎರಡನೆಯ ಸುತ್ತು 31. ಕೆಳಗಿನ ಮೂರು ನಟ್ಟಿಗೆ 54, ಸೆನ್ಸರಿಗೆ 44. ಸೆನ್ಸರಿನ ಮರೆಗೆ ಮಾತ್ರ ಆ್ಯಂಟಿ-ಸೀಜ್, ತುದಿಗೆ ತಾಗಬಾರದು. ಟಾರ್ಕ್ ರೆಂಚ್ (ಬಿಗಿತ ಅಳೆಯುವ ರೆಂಚ್) ಇಲ್ಲದಿದ್ದರೆ ಒಂದು ದಿನಕ್ಕೆ ಯಾರಿಂದಲಾದರೂ ಕೇಳಿ ತನ್ನಿ. "ಕೈಗೆ ಗೊತ್ತಾಗುತ್ತೆ" ಅನ್ನುವ ಲೆಕ್ಕ ಎಂ8 ಸ್ಟಡ್ಡಿನ ಹತ್ತಿರ ನಡೆಯುವುದಿಲ್ಲ.

ಪೈಪು ಆಯಿಲ್ ಚೇಂಬರಿನ ಕೆಳಗೆ ಹಾದು ಹಿಂದಕ್ಕೆ ಹೋಗುತ್ತದೆ, ಕಾರಿನ ಅತಿ ತಗ್ಗಿನ ಜಾಗ ಈಗ ಅದೇ. ನಮ್ಮ ಹಂಪುಗಳಿಗೆ ನಾಲ್ಕು ಜನ ಕೂತಾಗ ತಾಗುತ್ತದೆ. ಸ್ಲಿಪ್ ಜಾಯಿಂಟಿನ (ಒಂದು ಪೈಪು ಇನ್ನೊಂದರೊಳಗೆ ಕೂರುವ ಜಾಗದ) ಕ್ಲಾಂಪಿನ ಬೋಲ್ಟನ್ನು ಕೆಳಮುಖವಾಗಿ ಬಿಡದೆ ಪಕ್ಕಕ್ಕೆ ತಿರುಗಿಸಿ, ಅಷ್ಟರಿಂದಲೇ ಒಂದು ಬೆರಳಿನ ಎತ್ತರ ಉಳಿಯುತ್ತದೆ. ಎಂಜಿನ್ ಮೌಂಟು ಹಳತಾಗಿದ್ದರೆ ಹೆಡರಿಗಿಂತ ಮೊದಲು ಅದನ್ನು ಬದಲಿಸಿ. ಎಂಜಿನ್ ಅಲ್ಲಾಡಿದಷ್ಟೂ ಏಟು ಬೀಳುವುದು ಪೈಪಿಗೆ. ಕಂಪನಿಯ ಪೈಪಿನಲ್ಲಿ ಸ್ಪ್ರಿಂಗ್ ಜಾಯಿಂಟು ಇರುವುದು ಈ ಅಲ್ಲಾಟ ತಡೆದುಕೊಳ್ಳಲಿಕ್ಕೆ. ಅದನ್ನು ಕತ್ತರಿಸಿ ನೇರ ಪೈಪು ವೆಲ್ಡ್ ಮಾಡುತ್ತೇವೆಂದರೆ ಒಪ್ಪಬೇಡಿ. ಕತ್ತರಿಸಲೇಬೇಕಾದರೆ ಫ್ಲೆಕ್ಸ್ ಬೆಲ್ಲೋ (ಬಳುಕುವ ಪೈಪಿನ ತುಂಡು) ಹಾಕಿಸಿ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಏಳುತ್ತದೆ. ಪೈಪಿಗೆ ಅಂಟಿದ ಎಣ್ಣೆ, ಬೆರಳಿನ ಗುರುತು ಸುಡುವುದಷ್ಟೇ. ಹತ್ತು ನಿಮಿಷ ಓಡಿಸಿ ಆಫ್ ಮಾಡಿ, ರಾತ್ರಿಯೆಲ್ಲ ತಣಿಯಲು ಬಿಟ್ಟು ಬೆಳಗ್ಗೆ ಮತ್ತೆ 31ಕ್ಕೆ ಬಿಗಿಯಿರಿ. ನಂತರ 100 ಕಿ.ಮೀ.ಗೆ, 500ಕ್ಕೆ. ಬಿಸಿಯಿದ್ದಾಗ ಬಿಗಿದರೆ ಆ ಅಳತೆಗೆ ಅರ್ಥವಿಲ್ಲ.

ಇಷ್ಟೆಲ್ಲ ಗೊಣಗಾಟದ ನಂತರ ಹೇಳಬೇಕಾದ ಇನ್ನೊಂದು ಮಾತಿದೆ: ಫ್ಲ್ಯಾಂಜ್ ಸರಿಯಾಗಿ ಕೂತ ಮೇಲೆ ಈ ಹೆಡರ್ ತುಂಬಾ ಇಷ್ಟವಾಗಿದೆ. ಚಾರ್ಮಾಡಿಯಲ್ಲಿ ಕೊಟ್ಟಿಗೆಹಾರದ ಕಡೆಗೆ ಹತ್ತುವಾಗ, ತಿರುವಿನಿಂದ ಹೊರಬಂದು ಮೂರನೇ ಗೇರಿನಲ್ಲಿ 3,000 ಆರ್‌ಪಿಎಂನಿಂದ ಒತ್ತಿದರೆ ಮೊದಲು ಎರಡಕ್ಕಿಳಿಸಬೇಕಿದ್ದ ಕಡೆ ಈಗ ಮೂರರಲ್ಲೇ ಎಳೆಯುತ್ತದೆ. ವಿಟೆಕ್ ಕಚ್ಚುವ ಮುಂಚಿನ ಆ ಸಪ್ಪೆ ಜಾಗ ತುಂಬಿಕೊಂಡಿದೆ. 4-2-1ರ ಗುಣವೇ ಅದು, ಲಾಭ ನಡುವಿನಲ್ಲಿ, ತುದಿಯಲ್ಲಿ ಅಲ್ಲ. ರೆಡ್‌ಲೈನಿನ ಹತ್ತಿರ ದೊಡ್ಡ ವ್ಯತ್ಯಾಸ ಇಲ್ಲ, ಇಪ್ಪತ್ತು ಬಿಎಚ್‌ಪಿ ಸಿಗುತ್ತದೆ ಅನ್ನುವ ಮಾತು ನಂಬಬೇಡಿ. ಸದ್ದು ಊರೊಳಗೆ ಹೆಚ್ಚೇನೂ ಬದಲಾಗಿಲ್ಲ, ಹಿಂದಿನ ಸೈಲೆನ್ಸರ್ ಕಂಪನಿಯದೇ ಇದೆ. 4,000 ದಾಟಿದ ಮೇಲೆ ಮಾತ್ರ ಕೊರಳು ಬಿಚ್ಚಿದಂತೆ ಒಂದು ಗಡಸು ದನಿ. ಕಿಟಕಿ ಇಳಿಸಿಕೊಂಡು ತಡೆಗೋಡೆಯ ಪಕ್ಕದಲ್ಲಿ ಅದನ್ನು ಕೇಳುವುದು ನಿಜಕ್ಕೂ ಸುಖ.

ಮಲೆನಾಡಿನ ಮಳೆಗೆ 304 ಚೆನ್ನಾಗಿಯೇ ತಡೆದಿದೆ. ಬಂಗಾರದ ಬಣ್ಣ ತಿರುಗಿ, ಪೋರ್ಟುಗಳ ಹತ್ತಿರ ನೀಲಿ ಬಂದಿದೆ, ತುಕ್ಕಿಲ್ಲ. ಅರ್ಧ ಬೆಲೆಗೆ ಸಿಗುವ ಮೈಲ್ಡ್ ಸ್ಟೀಲಿನದು ನಮ್ಮ ಕಡೆ ಬೇಡವೇ ಬೇಡ. ಹೀಟ್ ರ‍್ಯಾಪ್ ಸುತ್ತಿಸುವ ಆಸೆಯೂ ಬೇಡ. ಒದ್ದೆಯಾದ ಪಟ್ಟಿ ಪೈಪಿಗಂಟಿ ಒಳಗೊಳಗೇ ತಿನ್ನುತ್ತದೆ, ಬಿರುಕು ಬಿಟ್ಟರೂ ಕಾಣುವುದಿಲ್ಲ. ಬಿಸಿ ತಡೆಯಬೇಕಾದರೆ ಅಲ್ಯೂಮಿನಿಯಂ ತಗಡಿನ ಶೀಲ್ಡ್ ಮಾಡಿಸಿ, ಪೈಪಿನಿಂದ ಒಂದು ಬೆರಳು ದೂರಕ್ಕೆ.

ಕಾನೂನಿನ ವಿಷಯ ಗಂಭೀರವಾಗಿ ನೋಡಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಸದ್ದು, ಹೊಗೆಯ ಮಿತಿ ಮೀರಿದರೆ 190(2)ರ ಅಡಿ 10,000 ರೂಪಾಯಿವರೆಗೆ ದಂಡವಿದೆ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ತೆಗೆಯಬೇಡಿ, ಅದು ಹೋದರೆ ನಮ್ಮ ಹಿಂದೆ ಬೈಕಿನಲ್ಲಿ ಬರುವವರ ಮೂಗಿಗೆ ಹೊಗೆ. ಈ ಕಾರುಗಳೆಲ್ಲ 15 ವರ್ಷ ದಾಟಿದವು, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಆರ್‌ಟಿಓ ಎದುರು ನಿಲ್ಲಬೇಕಾದವು. ಹಳೆಯ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತಿಡಿ. ಈಗ ಅದು ಹೊಸದು ಸಿಗುವುದು ಕಷ್ಟ.

ಖರ್ಚು ಹೆಡರ್, ಗ್ಯಾಸ್ಕೆಟ್, ಸ್ಟಡ್ಡು, ನಟ್ಟು, ಎಮರಿ ಹಾಳೆ ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಒಳಗೆ. ಅದೇ ದುಡ್ಡಿನಲ್ಲಿ ಮೌಂಟು, ಟೈಮಿಂಗ್ ಬೆಲ್ಟು, ಕ್ಲಚ್ಚು ಬಾಕಿಯಿದ್ದರೆ ಮೊದಲು ಅವು. ಅವೆಲ್ಲ ಆಗಿದ್ದು, ಘಾಟಿಯ ರಸ್ತೆ ಇಷ್ಟಪಡುವವರಾದರೆ ಮಾಡಿಸಿ. ಆರ್ಡರ್ ಕೊಡುವಾಗಲೇ 10 ಎಂಎಂ ಫ್ಲ್ಯಾಂಜು, ತುದಿಯಲ್ಲಿ 10 ಎಂಎಂ ತೂತು, ವೆಲ್ಡ್ ಆದ ಮೇಲೆ ಮುಖ ಮಿಲ್ಲಿಂಗ್ ಎಂದು ಬರೆಸಿಕೊಳ್ಳಿ. ಡೆಲಿವರಿಗೆ ಹೋಗುವಾಗ ಸ್ಟೀಲ್ ಪಟ್ಟಿ, ಫೀಲರ್ ಗೇಜ್ ಜೇಬಿನಲ್ಲಿರಲಿ, ಅವರೆದುರಿಗೇ ಅಳೆಯಿರಿ.

ಈಗ ಪ್ರತಿ 5,000 ಕಿ.ಮೀ.ಗೆ ಆಯಿಲ್ ಬದಲಿಸುವ ದಿನ ಬೆಳಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ, ಬಾನೆಟ್ ಎತ್ತಿ 12 ಎಂಎಂ ಸಾಕೆಟ್ಟಿನಲ್ಲಿ ನಡುವಿನಿಂದ ತುದಿಯವರೆಗೆ ಒಂದು ಸುತ್ತು. ಹಿಂದಿನ ಸಲ ಎಲ್ಲ ನಟ್ಟುಗಳಲ್ಲೂ ರೆಂಚ್ ತಕ್ಷಣ ಕ್ಲಿಕ್ ಅಂದಿತು, ನಾಲ್ಕನೇ ಸಿಲಿಂಡರಿನ ಕೆಳಗಿನದೊಂದು ಮಾತ್ರ ಕಾಲು ಸುತ್ತು ತೆಗೆದುಕೊಂಡಿತು. ಆ ನಟ್ಟಿಗೆ ಬಿಳಿ ಪೇಂಟಿನ ಚುಕ್ಕೆ ಇಟ್ಟಿದೆ. ಮುಂದಿನ ಸಲವೂ ಅದೇ ತಿರುಗಿದರೆ ಆ ಸ್ಟಡ್ಡನ್ನೇ ಬದಲಿಸಬೇಕು.